ಅರ್ಧ ಬಂದ ಸ್ಕ್ಯಾನ್

ಕೊಲ್ಹಾಪುರದ ಆ ಡಾಕ್ಟರು ನನ್ನನ್ನು ಕರೆಸಿದ್ದು ಪ್ರಿಂಟರ್ ರಿಪೇರಿಗೆ. ಒಳಗೆ ಸಿಕ್ಕಿಕೊಂಡಿದ್ದ ಕಾಗದದ ಚೂರನ್ನು ತೆಗೆದು ನಾನು ಹೊರಡುವುದರಲ್ಲಿದ್ದೆ. ಅವರು ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು. ಯಾರೋ ಕಂಪ್ಯೂಟರ್ ಪರದೆಯ ಫೋಟೋ ತೆಗೆದು ಕಳಿಸಿದ್ದರು. ಮನುಷ್ಯರ ತಲೆಯ ಸಿ.ಟಿ. ಸ್ಕ್ಯಾನ್ ಅದು. ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಅರ್ಧ ಚಿತ್ರ ಬೆಳ್ಳಗಾಗಿತ್ತು. ಮೂಲೆಯಲ್ಲಿ ರೋಗಿಯ ಹೆಸರು, ವಯಸ್ಸು, ಊರು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

"ರೋಗ ಕಾಣಂಗಿಲ್ಲ, ಹೆಸರು ಕಾಣತೈತಿ. ಇದನ್ನ ನೋಡಿ ನಾ ಏನಂತ ರಿಪೋರ್ಟ್ ಬರೀಲೆವಾ?" ಎಂದರು.

ಅವರು ಸ್ಕ್ಯಾನ್ ಓದಿ ರೋಗ ಗುರುತಿಸುವ ವೈದ್ಯೆ. ನಾಂದಣಿ ಕಡೆಯ ಜೈನ ರೈತರ ಮನೆಯ ಮಗಳು. ನಾನು ಇಚಲಕರಂಜಿಯವಳು, ಅಪ್ಪ ಮಗ್ಗದ ಕೆಲಸಕ್ಕೆಂದು ವಿಜಯಪುರದ ಕಡೆಯಿಂದ ಬಂದವರು ಎಂದು ತಿಳಿದ ಮೇಲೆ ಅವರು ನನ್ನ ಹತ್ತಿರ ಮರಾಠಿ ಬಿಟ್ಟು ಕನ್ನಡದಲ್ಲೇ ಮಾತನಾಡುತ್ತಿದ್ದರು. ಗಡಹಿಂಗ್ಲಜದ ಒಂದು ಸಣ್ಣ ಆಸ್ಪತ್ರೆ ಹೊಸದಾಗಿ ಸ್ಕ್ಯಾನ್ ಯಂತ್ರ ತರಿಸಿತ್ತು. ಆದರೆ ಅದರ ಚಿತ್ರ ಓದುವವರು ಅಲ್ಲಿ ಇರಲಿಲ್ಲ. ಆತುರದ ಕೇಸುಗಳ ಫೋಟೋ ಮೊಬೈಲ್ ಗುಂಪಿನಲ್ಲಿ ಬರುತ್ತಿತ್ತು. ಆ ಗುಂಪಿನಲ್ಲಿ ಔಷಧಿ ಅಂಗಡಿಯವರೂ ಇದ್ದರು, ಆಂಬುಲೆನ್ಸ್ ಚಾಲಕರೂ ಇದ್ದರು. ಪೂರ್ತಿ ಚಿತ್ರಗಳು ಬೇಕೆಂದರೆ ಪೆನ್‌ಡ್ರೈವನ್ನು ಕೊಲ್ಹಾಪುರದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು, ಇಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ಯಾರಾದರೂ ಇಸಿದುಕೊಳ್ಳಬೇಕಿತ್ತು.

"ಬ್ಯಾರೆಯವರ ಕಣ್ಣಿಗೆ ಬೀಳಬಾರದು. ಮತ್ತ ಚಿತ್ರ ಇದ್ದಂಗ ಬರ್ಬೇಕು. ನಿನ್ನ ಕಡೆ ಆಗತೈತೇನು?"

ಅಲ್ಲಿಯವರೆಗೆ ನನ್ನ ಕೆಲಸವೆಲ್ಲ ಇಚಲಕರಂಜಿಯ ನೂಲಿನ ವ್ಯಾಪಾರಿಗಳ ಆಫೀಸುಗಳಲ್ಲಿ. ಬಟ್ಟೆಯ ವಿನ್ಯಾಸ ಮಾಡುವ ಒಂದು ಕಡೆ ಲಿನಕ್ಸ್ ಕಂಪ್ಯೂಟರಿನಲ್ಲಿ ಫೈಲು ಹಂಚಿಕೊಳ್ಳುವ ವ್ಯವಸ್ಥೆ ಮಾಡಿಕೊಟ್ಟಿದ್ದೆ. ಆದರೆ ಅದು ನಾಲ್ಕು ಗೋಡೆಯ ಒಳಗಿನ ಮಾತು. ಒಂದು ಯಂತ್ರದ ಬಾಗಿಲನ್ನು ಹೊರಗಿನ ಜಗತ್ತಿಗೆ ತೆರೆದಿಟ್ಟು, ಅದರಲ್ಲಿ ಬೇಕಾದವರು ಮಾತ್ರ ಬರುವಂತೆ ಕಾಯುವ ಕೆಲಸ ಮಾಡಿರಲಿಲ್ಲ. ಹೆದರಿಕೆಯಿಂದಲೇ "ಆಗತೈತ್ರಿ" ಎಂದೆ.

ಅವರ ಹಿಂದಿನ ಕೋಣೆಯಲ್ಲಿ ಬಳಕೆ ತಪ್ಪಿದ ಒಂದು ಕಂಪ್ಯೂಟರ್ ಇತ್ತು. ಧೂಳು ಒರೆಸಿ, ಹೊಸ ಡಿಸ್ಕ್ ಹಾಕಿ, ಅದಕ್ಕೆ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆಯನ್ನು ತುಂಬಿಸಿದೆ. ಚಿತ್ರ, ಕಿಟಕಿ, ಗುಂಡಿ ಏನೂ ಇಲ್ಲದ ಬರೀ ಅಕ್ಷರಗಳ ಪರದೆ. ಎಸ್‌ಎಸ್‌ಎಚ್ ಎನ್ನುವ ತಂತ್ರಾಂಶ ಅದರ ಜೊತೆಗೇ ಬರುತ್ತದೆ. ಎರಡು ಕಂಪ್ಯೂಟರುಗಳ ನಡುವೆ ಹೋಗುವುದನ್ನೆಲ್ಲ ಗುಪ್ತಲಿಪಿಗೆ ತಿರುಗಿಸುವ ದಾರಿ ಅದು. ದಾರಿಯಲ್ಲಿ ಯಾರು ಕದ್ದು ನೋಡಿದರೂ ಅರ್ಥವಾಗದು. ಅದರ ಒಂದು ಭಾಗ ಫೈಲು ಸಾಗಿಸುವುದಕ್ಕೆಂದೇ ಇದೆ. ಗಡಹಿಂಗ್ಲಜದವರಿಗಾಗಿ ಒಂದು ಖಾತೆ ತೆರೆದೆ. ಆ ಖಾತೆಯವರು ಫೈಲು ತಂದು ಹಾಕಬಹುದು, ಅಷ್ಟೇ. ಯಂತ್ರಕ್ಕೆ ಬೇರೆ ಯಾವ ಆಜ್ಞೆಯನ್ನೂ ಕೊಡುವಂತಿಲ್ಲ.

ಕೋಣೆಯೊಳಗೆ ಎಲ್ಲವೂ ಚೆನ್ನಾಗಿ ನಡೆಯಿತು. ಬೀದಿಗೆ ಹೋಗಿ ನನ್ನ ಮೊಬೈಲಿನಿಂದ ಪ್ರಯತ್ನಿಸಿದರೆ ಉತ್ತರವೇ ಇಲ್ಲ. ರೂಟರಿನ ಬಾಗಿಲು ತೆರೆದಿದ್ದೆ, ಮತ್ತೆ ಮತ್ತೆ ಪರೀಕ್ಷಿಸಿದೆ. ಕೊನೆಗೆ ತಿಳಿದದ್ದೇನೆಂದರೆ, ಇಂಟರ್ನೆಟ್ ಕಂಪನಿಯವರು ಎಷ್ಟೋ ಮನೆಗಳಿಗೆ ಸೇರಿಸಿ ಒಂದೇ ವಿಳಾಸ ಕೊಟ್ಟಿದ್ದರು. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರಿಗೆ ಮನೆ ಸಿಗುವುದಿಲ್ಲ. ಡಾಕ್ಟರ ಹೆಸರಿಗೇ ಒಂದು ಖಾಯಂ ವಿಳಾಸ ಬೇಕೆಂದು ಅರ್ಜಿ ಹಾಕಿ, ಫೋನು ಮಾಡಿ, ಮತ್ತೆ ಫೋನು ಮಾಡಿ ಪಡೆದುಕೊಂಡೆವು.

ವಿಳಾಸ ಬಂದ ದಿನವೇ ಇನ್ನೊಂದು ಪಾಠವಾಯಿತು. ಯಾರು ಬಂದರು, ಯಾರು ಹೋದರು ಎಂಬುದನ್ನು ಲಿನಕ್ಸ್ ದಾಖಲಿಸುತ್ತಾ ಹೋಗುತ್ತದೆ. ಚಹಾ ಕುಡಿದು ಬಂದು ಆ ಲಾಗ್ ತೆರೆದರೆ ಪರದೆ ಓಡುತ್ತಲೇ ಇತ್ತು. ಗುರುತಿಲ್ಲದ ಊರುಗಳಿಂದ ಯಾರ್‍ಯಾರೋ ಬಾಗಿಲು ಬಡಿಯುತ್ತಿದ್ದರು. ಒಂದೊಂದು ಸಲ ಒಂದೊಂದು ಹೆಸರು, ಒಂದೊಂದು ಪಾಸ್‌ವರ್ಡ್.

ಡಾಕ್ಟರು ಹೌಹಾರಿದರು. "ಯಾರವಾ ಇವ್ರು? ನಮ್ಮ ಹೆಸರು ಇವ್ರಿಗೆ ಹೆಂಗ ಗೊತ್ತಾತು?"

"ನಿಮ್ಮ ಹೆಸರು ಗೊತ್ತಿಲ್ರಿ ಅವಕ್ಕ. ಮನಷ್ಯಾರೂ ಅಲ್ಲ. ಎಲ್ಲಾ ಬಾಗಲಾ ಬಡಕೋತ ಹೋಗು ಯಂತ್ರ ಅವು. ಸಣ್ಣ ಪಾಸ್‌ವರ್ಡ್ ಇಟ್ರ ಒಂದಿಲ್ಲೊಂದ ದಿನಾ ಒಳಗ ಬರ್ತಾವ."

ಆದ್ದರಿಂದ ಪಾಸ್‌ವರ್ಡಿನ ದಾರಿಯನ್ನೇ ಮುಚ್ಚಿದೆ. ಬದಲಿಗೆ ಜೋಡಿ ಕೀಲಿಗಳ ವ್ಯವಸ್ಥೆ. ಕಳಿಸುವವರ ಕಂಪ್ಯೂಟರಿನಲ್ಲಿ ಗುಪ್ತ ಕೀಲಿ ಇರುತ್ತದೆ, ಅದು ಅಲ್ಲಿಂದ ಎಲ್ಲಿಗೂ ಹೋಗುವುದಿಲ್ಲ. ಅದರ ಜೋಡಿಯನ್ನು ಮಾತ್ರ ಸರ್ವರಿನಲ್ಲಿ, ಅಂದರೆ ಕೊಲ್ಹಾಪುರದ ನಮ್ಮ ಯಂತ್ರದಲ್ಲಿ, ಇಡಬೇಕು. ಎರಡೂ ಹೊಂದಿದರೆ ಬಾಗಿಲು ತೆರೆಯುತ್ತದೆ. ಊಹಿಸುತ್ತ ಕೂತವರ ಆಟ ಅಲ್ಲಿ ನಡೆಯದು. ಕೀಲಿ ಹುಟ್ಟಬೇಕಾದ್ದು ಗಡಹಿಂಗ್ಲಜದಲ್ಲೇ. ಹಾಗಾಗಿ ನಾನು ಬಸ್ಸು ಹತ್ತಿದೆ. ಕಾಗಲ್ ಬಿಟ್ಟ ಮೇಲೆ ನಿಪ್ಪಾಣಿ, ಸಂಕೇಶ್ವರ ಎಂದು ಕರ್ನಾಟಕದೊಳಗೆ ಹೊಕ್ಕು ಮತ್ತೆ ಮಹಾರಾಷ್ಟ್ರಕ್ಕೆ ಹೊರಬರುವ ದಾರಿ ಅದು. ನನ್ನ ಮೊಬೈಲಿಗೆ ಎರಡೂ ಸಲ ಸ್ವಾಗತದ ಸಂದೇಶ ಬಂತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರ ನಡೆಸುವ ತಂತ್ರಜ್ಞರು ನಡುವಯಸ್ಸಿನವರು, ಸಂಕೇಶ್ವರದ ಕಡೆಯ ಕನ್ನಡದವರು. ಬಾಗಿಲಲ್ಲಿ ಜನ ಕಾಯುತ್ತಿದ್ದರು. ನಾನು ಬಂದದ್ದು ಅವರಿಗೆ ಇಷ್ಟವಾಗಲಿಲ್ಲ.

"ನೋಡ್ರಿ ಮೇಡಂ, ಫೋನ್‌ನ್ಯಾಗ ಫೋಟೋ ಹೊಡದ್ರ ಒಂದ ನಿಮಿಷದ ಕೆಲಸ. ಇದೆಲ್ಲಾ ಕಲೀಲಿಕ್ಕೆ ನನಗ ಪುರಸತ್ತ ಎಲ್ಲೈತ್ರಿ?"

ನಾನು ವಾದಿಸಲಿಲ್ಲ. ಅವರಿಗೆ ಬಿಡುವು ಸಿಗುವವರೆಗೆ ಕೂತಿದ್ದು, ಆಮೇಲೆ ಅವರ ಕೈಯಲ್ಲೇ ಕೀಲಿ ಮಾಡಿಸಿದೆ. ಕೀಲಿಗೆ ಒಂದು ಗುಟ್ಟಿನ ವಾಕ್ಯ ಕೊಡಬೇಕಿತ್ತು. ನಾನು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತೆ.

"ಯಾಕ್ರಿ, ಆ ಕಡೆ ಯಾಕ ತಿರಗಿದ್ರಿ?"

"ನೀವ ಟೈಪ್ ಮಾಡ್ರಿ ಅಣ್ಣಾರ. ನನಗ ಕಾಣಬಾರದು."

"ನಿಮಗೂ ಹೇಳಬಾರದೇನ್ರಿ?"

"ನನಗೂ ಹೇಳಬ್ಯಾಡ್ರಿ. ಡಾಕ್ಟರ್ ಕೇಳಿದ್ರೂ ಹೇಳಬ್ಯಾಡ್ರಿ."

ಆ ಮಾತಿಗೆ ಅವರ ಮುಖ ಸಡಿಲವಾಯಿತು. ಆಸ್ಪತ್ರೆಯಲ್ಲಿ ಎಲ್ಲರೂ ಅವರಿಂದ ಏನಾದರೊಂದು ಇಸಿದುಕೊಳ್ಳುವವರೇ. ಒಂದು ವಸ್ತು ಅವರೊಬ್ಬರದೇ ಎಂದು ಹೇಳಿದವರು ಬಹುಶಃ ಕಡಿಮೆ. ತುಂಬಾ ಹೊತ್ತು ಯೋಚಿಸಿ, ತುಟಿ ಅಲ್ಲಾಡಿಸುತ್ತ ಟೈಪ್ ಮಾಡಿದರು. ಆ ಕೀಲಿಯ ಜೋಡಿಯನ್ನು ಡಾಕ್ಟರಿಗೆ ಮೇಲ್ ಮಾಡಿ, ಫೋನಿನಲ್ಲಿ ಹೇಳಿಕೊಟ್ಟು ಅವರ ಕೈಯಿಂದಲೇ ಸರ್ವರಿನಲ್ಲಿ ಇಡಿಸಿದೆ.

ಮೊದಲ ಸಲ ಸರ್ವರಿಗೆ ಹೋದಾಗ ಅದು ತನ್ನ ಗುರುತಿನ ಅಕ್ಷರಮಾಲೆಯನ್ನು ತೋರಿಸಿ, 'ಈ ಯಂತ್ರವನ್ನು ನಂಬುತ್ತೀರಾ' ಎಂದು ಕೇಳುತ್ತದೆ. ಹೆಚ್ಚಿನವರು ಓದದೆ ಹೌದು ಎನ್ನುತ್ತಾರೆ. ನಾನು ಡಾಕ್ಟರಿಗೆ ಫೋನು ಮಾಡಿದೆ. ಅವರು ಕೊಲ್ಹಾಪುರದ ಪರದೆಯಲ್ಲಿದ್ದ ಅಕ್ಷರಗಳನ್ನು ಒಂದೊಂದಾಗಿ ಓದಿದರು, ತಂತ್ರಜ್ಞರು ಇಲ್ಲಿ ಬೆರಳಿಟ್ಟು ತಾಳೆ ನೋಡಿದರು. "ದೊಡ್ಡ ಟೀ ಏನ್ರಿ, ಸಣ್ಣ ಟೀ?" "ದೊಡ್ಡದು." "ಬರೋಬರಿ, ಮುಂದ ಹೋಗ್ರಿ." ಕೊನೆಯ ಅಕ್ಷರ ಹೊಂದಿದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

ಕೀಲಿ ಹೊಂದಿತು. ಬಾಗಿಲು ತೆರೆಯಿತು. ಮರುಕ್ಷಣವೇ ಸಂಪರ್ಕ ಕಡಿದುಹೋಯಿತು. ಮತ್ತೆ ಮಾಡಿದರೆ ಮತ್ತೆ ಹಾಗೆಯೇ. ನಾನು ಗಡಹಿಂಗ್ಲಜದಲ್ಲಿ, ತಪ್ಪಿರುವ ಯಂತ್ರ ಕೊಲ್ಹಾಪುರದಲ್ಲಿ. ಹೊರಗಿನಿಂದ ಅದನ್ನು ನಡೆಸುವ ನನ್ನ ಖಾತೆಯನ್ನು ಭದ್ರತೆಗೆಂದು ನಾನೇ ಮುಚ್ಚಿ ಬಂದಿದ್ದೆ. ಡಾಕ್ಟರನ್ನೇ ಕೀಬೋರ್ಡಿನ ಮುಂದೆ ಕೂರಿಸಿ, ಲಾಗ್ ತೆರೆಸಿ ಓದಿಸಿದೆ. ಯಾವ ಫೋಲ್ಡರಿನೊಳಗೆ ಈ ಖಾತೆಯನ್ನು ಕೂಡಿಹಾಕಿದ್ದೇವೋ ಅದರ ಒಡೆತನ ತಪ್ಪಾಗಿದೆ ಎಂದು ಅಲ್ಲಿ ಬರೆದಿತ್ತು.

ತಪ್ಪು ಗೊತ್ತಾಯಿತು. ಬಳಕೆದಾರ ಹೊರಗೆ ತಿರುಗಾಡದಂತೆ ಒಂದು ಫೋಲ್ಡರಿನಲ್ಲಿ ಬಂಧಿಸಬೇಕಾದರೆ, ಆ ಹೊರಗಿನ ಫೋಲ್ಡರು ಯಂತ್ರದ ಯಜಮಾನನ ಹೆಸರಿನಲ್ಲಿ, ಅಂದರೆ ರೂಟ್ ಹೆಸರಿನಲ್ಲಿ ಇರಬೇಕು. ಬಳಕೆದಾರನಿಗೆ ಅದರೊಳಗೆ ಇನ್ನೊಂದು ಫೋಲ್ಡರ್ ಕೊಡಬೇಕು. ನಾನು ಎರಡನ್ನೂ ಬಳಕೆದಾರನ ಹೆಸರಿಗೇ ಬರೆದುಬಿಟ್ಟಿದ್ದೆ.

"ನನಗ ತಿಳೀಲಿಲ್ಲವಾ," ಎಂದರು ಡಾಕ್ಟರು.

"ವಾಡಾ ಅಂದ್ರ ಇಡೀ ಮನಿ ಮಾಲಕಂದು, ಒಳಗಿನ ಖೋಲಿ ಅಷ್ಟ ಬಾಡಿಗಿ ಇರು ಭಾಡೇಕರಿಂದು. ನಾ ಇಡೀ ವಾಡಾನ ಭಾಡೇಕರಿ ಹೆಸರಿಗೆ ಹಚ್ಚೇನ್ರಿ. ಅದಕ್ಕ ಯಂತ್ರ ಒಪ್ಪವಲ್ದು."

"ಹಾಂ, ಈಗ ತಿಳೀತು. ಹೇಳು, ಏನ್ ಟೈಪ್ ಮಾಡ್ಲಿ?"

ಅವರು ಎರಡು ಸಾಲು ಟೈಪ್ ಮಾಡಿದರು. ಒಂದು ಖಾಲಿ ಜಾಗ ಬಿಟ್ಟುಹೋಗಿ ಮತ್ತೆ ಮಾಡಿದರು. ಆಮೇಲೆ ಗಡಹಿಂಗ್ಲಜದಿಂದ ಮೊದಲ ಸ್ಕ್ಯಾನ್ ಹೊರಟು ಕೊಲ್ಹಾಪುರ ಮುಟ್ಟಿತು. ಅದನ್ನು ತೆರೆದ ಡಾಕ್ಟರು ಒಂದೊಂದೇ ಪದರ ಸರಿಸಿ ನೋಡಿದರು. ಆಮೇಲೆ "ಎಷ್ಟ ಸ್ವಚ್ಛ ಬಂದೈತಿ!" ಎಂದರು.

ಕೆಲವು ವಾರ ಎಲ್ಲರೂ ಖುಷಿಯಾಗಿದ್ದರು. ತಂತ್ರಜ್ಞರು ಫೋಟೋ ಹೊಡೆಯುವುದನ್ನು ಬಿಟ್ಟರು. ಮೊಬೈಲ್ ಗುಂಪಿನಲ್ಲಿ ಶುಭೋದಯದ ಹೂವುಗಳಷ್ಟೇ ಉಳಿದವು. ಆಮೇಲೆ ಮಳೆಗಾಲ ಶುರುವಾಯಿತು. ಚಂದಗಡದ ಕಡೆಯಿಂದ ಮೋಡ ಇಳಿದರೆ ಗಡಹಿಂಗ್ಲಜದ ಇಂಟರ್ನೆಟ್ ಲೈನು ಬಿದ್ದು ಬಿದ್ದು ಏಳುತ್ತಿತ್ತು. ಅಂಥ ಒಂದು ದಿನ ಡಾಕ್ಟರ ಫೋನು ಬಂತು.

"ತಲಿ ಅರ್ಧಕ್ಕ ನಿಂತೈತಿ."

ನನಗೆ ಅರ್ಥವಾಗಲಿಲ್ಲ. ತಲೆನೋವೆಂದು ಬಂದಿದ್ದ ಒಬ್ಬ ಅಜ್ಜನ ಸ್ಕ್ಯಾನ್ ಅದು. ಚಿತ್ರಗಳು ಕುತ್ತಿಗೆಯ ಮೇಲಿನಿಂದ ಒಂದೊಂದು ಪದರವಾಗಿ ಮೇಲಕ್ಕೆ ಹೋಗಿ, ಕಿವಿಯ ಸ್ವಲ್ಪ ಮೇಲೆ ಮುಗಿದುಬಿಟ್ಟಿದ್ದವು. ನೆತ್ತಿಯೇ ಇರಲಿಲ್ಲ. ಲೈನು ಕಡಿದಿದ್ದರಿಂದ ಉಳಿದವು ಬಂದಿರಲಿಲ್ಲ. ಆದರೆ ಫೋಲ್ಡರಿನಲ್ಲಿ ಅದರ ಯಾವ ಸುಳಿವೂ ಇರಲಿಲ್ಲ. ಬಂದಷ್ಟು ಚಿತ್ರಗಳು ಪೂರ್ತಿ ಬಂದವುಗಳಂತೆಯೇ ಶಿಸ್ತಾಗಿ ಕೂತಿದ್ದವು.

"ನೆತ್ತಿ ಇಲ್ಲಂತ ನನಗ ಗೊತ್ತಾತು. ನಡುವಿಂದು ನಾಕು ಹೋಗಿದ್ರ? ಆವತ್ತು ನಾ ದಣದಿದ್ರ?" ಎಂದರು. ಕೋಪದಿಂದ ಹೇಳಿದ್ದಲ್ಲ. ತಮಗೆ ತಾವೇ ಕೇಳಿಕೊಂಡಂತೆ ಇತ್ತು. ಅಜ್ಜನ ಉಳಿದ ಚಿತ್ರಗಳನ್ನು ಮತ್ತೆ ತರಿಸಿ ನೋಡಿದರು, ಏನೂ ತೊಂದರೆ ಇರಲಿಲ್ಲ. ಆದರೂ ತಪ್ಪು ನನ್ನದೇ ಎಂದು ನನಗೆ ಗೊತ್ತಿತ್ತು. ಬೇರೆಯವರು ನೋಡಬಾರದು ಎಂಬುದರ ಮೇಲೆಯೇ ನನ್ನ ಲಕ್ಷ್ಯವೆಲ್ಲ ಇತ್ತು. ನೋಡಬೇಕಾದವರಿಗೆ ಪೂರ್ತಿ ಕಾಣುತ್ತದೆಯೇ ಎಂದು ಯಂತ್ರ ತಾನೇ ಖಾತ್ರಿ ಮಾಡಿಕೊಳ್ಳುವ ದಾರಿಯನ್ನು ನಾನು ಇಟ್ಟಿರಲಿಲ್ಲ.

ಆಸ್ಪತ್ರೆಯ ವ್ಯವಸ್ಥಾಪಕರಿಗೆ ಇದು ದೊಡ್ಡ ಮಾತೆನಿಸಲಿಲ್ಲ. "ಕಳಿಸಿದ ಮ್ಯಾಲ ಒಂದ ಫೋನ್ ಹಚ್ಚಿ 'ಎಲ್ಲಾ ಬಂದಾವೇನ್ರಿ' ಅಂತ ಕೇಳಿದ್ರ ಆತಲ್ರಿ. ಅದಕ್ಯಾಕ ಇಷ್ಟ ತ್ರಾಸ?" ಎಂದರು. ಸುಲಭದ ದಾರಿ ನಿಜ. ಆದರೆ ಜನ ತುಂಬಿದ ದಿನ ಆ ಫೋನು ಯಾರು ಮಾಡುತ್ತಾರೆ? ಒಂದು ಸಲ ಮರೆತರೆ?

ನಾನು ಕೊಲ್ಹಾಪುರಕ್ಕೆ ಹೋಗಿ ಡಾಕ್ಟರ ಮುಂದೆ ಕೂತು ಹೇಳಿದೆ. "ಮೇಡಂ, ಇವತ್ತಿಂದ ಸರ್ವರ್ ಬಂದ್ ಮಾಡ್ತೇನ್ರಿ. ನಾ ಇದನ್ನ ಸರಿ ಮಾಡುತನಾ ಪೆನ್‌ಡ್ರೈವ್ ಬಸ್ಸಿಗೇ ಬರ್ಲಿ. ತಡಾ ಆದ್ರೂ ಪೂರ್ತಿ ಬರತೈತಿ."

ಹೇಳುವುದು ಸುಲಭವಿರಲಿಲ್ಲ. ಚೆನ್ನಾಗಿ ನಡೆಯುತ್ತಿದೆ ಎಂದು ಎಲ್ಲರೂ ಹೊಗಳುತ್ತಿದ್ದ ಕೆಲಸವನ್ನು ನಾನೇ ನಿಲ್ಲಿಸುವುದೆಂದರೆ, ಈ ಹುಡುಗಿಯ ಕೈಯಲ್ಲಿ ಆಗದು ಎಂದು ಅವರು ಬೇರೆ ಯಾರನ್ನಾದರೂ ಕರೆಸಬಹುದಿತ್ತು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ಬಂದ್ ಮಾಡು. ದವಾಖಾನಿಯವ್ರಿಗೆ ನಾ ಹೇಳ್ತೇನಿ. ನನ್ನ ನಿರ್ಣಯ ಅಂತ ಹೇಳ್ತೇನಿ, ನಿನ್ನ ಹೆಸರ ತಗಿಯಂಗಿಲ್ಲ."

ಹಾಗೆಯೇ ಹೇಳಿದರು ಕೂಡ. ಆಸ್ಪತ್ರೆಯವರ ಬೈಗುಳವೆಲ್ಲ ಅವರ ಪಾಲಿಗೆ ಹೋಯಿತು, ನನಗೆ ಕೆಲಸ ಮಾಡಲು ಶಾಂತಿ ಸಿಕ್ಕಿತು.

ಹೊಸ ವ್ಯವಸ್ಥೆಯಲ್ಲಿ ಎರಡು ಫೋಲ್ಡರ್ ಮಾಡಿದೆ. ಒಂದಕ್ಕೆ 'ಬರುತ್ತಿದೆ' ಎಂದೂ ಇನ್ನೊಂದಕ್ಕೆ 'ಬಂದಿದೆ' ಎಂದೂ ಅರ್ಥ. ಗಡಹಿಂಗ್ಲಜದವರಿಗೆ ಮೊದಲನೆಯದು ಮಾತ್ರ, ಡಾಕ್ಟರಿಗೆ ಎರಡನೆಯದು ಮಾತ್ರ ಕಾಣುತ್ತದೆ. ಒಬ್ಬ ರೋಗಿಯ ಎಲ್ಲ ಚಿತ್ರಗಳನ್ನೂ ಕಟ್ಟಿ ಒಂದೇ ಫೈಲು ಮಾಡಿ ಕಳಿಸಬೇಕು. ಅದರ ಬೆನ್ನಿಗೆ ಒಂದು ಪುಟ್ಟ ಫೈಲು ಬರುತ್ತದೆ, ಅದರಲ್ಲಿ ಚೆಕ್‌ಸಮ್ ಇರುತ್ತದೆ. ಇಡೀ ಫೈಲನ್ನು ಲೆಕ್ಕಹಾಕಿ ತೆಗೆದ ಒಂದು ಉದ್ದ ಗುರುತು ಅದು, ಒಂದು ಚುಕ್ಕೆ ಬದಲಾದರೂ ಗುರುತು ಬೇರೆಯಾಗುತ್ತದೆ. ಸರ್ವರು ತಾನೂ ಲೆಕ್ಕಹಾಕಿ ನೋಡುತ್ತದೆ. ಎರಡೂ ಒಂದೇ ಆದರೆ ಮಾತ್ರ ಫೈಲು ಎರಡನೆಯ ಫೋಲ್ಡರಿಗೆ ಹೋಗುತ್ತದೆ. ಲೈನು ಕಡಿದರೆ ಕಡಿದ ಜಾಗದಿಂದಲೇ ಮುಂದುವರಿಯುತ್ತದೆ. ಅರ್ಧ ಬಂದದ್ದು ಡಾಕ್ಟರ ಕಣ್ಣಿಗೆ ಬೀಳುವ ದಾರಿಯೇ ಇಲ್ಲ.

ಮತ್ತೆ ಗಡಹಿಂಗ್ಲಜಕ್ಕೆ ಹೋದೆ. ಮೊದಲ ಪರೀಕ್ಷೆಯಲ್ಲೇ ಒಂದು ಫೈಲು ಒಳಗೆ ಹೋಗಿ ಅಲ್ಲೇ ಕೂತುಬಿಟ್ಟಿತು. ಫೈಲಿನ ಹೆಸರಿನಲ್ಲಿ ರೋಗಿಯ ಹೆಸರು, ನಡುವೆ ಖಾಲಿ ಜಾಗ ಇತ್ತು. ಗುರುತು ತಾಳೆ ನೋಡಲು ನಾನು ಬರೆದಿದ್ದ ಸ್ಕ್ರಿಪ್ಟು ಅದನ್ನು ಎರಡು ಫೈಲೆಂದು ತಿಳಿದು ಗೊಂದಲಕ್ಕೆ ಬಿದ್ದಿತ್ತು. ಸ್ಕ್ರಿಪ್ಟನ್ನು ತಿದ್ದುತ್ತ ಕೂತಿದ್ದಾಗ ತಂತ್ರಜ್ಞರು ಹೇಳಿದರು, "ಹೆಸರರೆ ಯಾಕ ಬೇಕ್ರಿ? ಯಂತ್ರ ಕೊಡು ನಂಬರ್ ಹಾಕೂಣು. ಗೊಂದಲೂ ಇಲ್ಲ, ಹೆಸರೂ ಎಲ್ಲಿ ಕಾಣಂಗಿಲ್ಲ." ನಾನು ಎರಡನ್ನೂ ಮಾಡಿದೆ.

ಕೊನೆಗೆ ಅವರ ಕೈಗೆ ಇಂಟರ್ನೆಟ್ ವೈರು ಕೊಟ್ಟು, ಫೈಲು ಹೋಗುತ್ತಿರುವಾಗ ಮನಸ್ಸು ಬಂದ ಹಾಗೆ ಕಿತ್ತುಹಾಕಲು ಹೇಳಿದೆ.

"ಖರೇನ ಕೀಳ್ಲೇನ್ರಿ?"

"ಕೀಳ್ರಿ. ಹಾಕ್ರಿ. ಮತ್ತ ಕೀಳ್ರಿ."

ಅವರು ಮಕ್ಕಳಂತೆ ನಗುತ್ತ ಕಿತ್ತರು, ಹಾಕಿದರು. ಪ್ರತಿ ಸಲವೂ ಫೈಲು ನಿಂತು, ಕಾದು, ಮುಂದುವರಿಯಿತು. ಕೊಲ್ಹಾಪುರದಲ್ಲಿ ಡಾಕ್ಟರು ಖಾಲಿ ಫೋಲ್ಡರನ್ನು ನೋಡುತ್ತ ಕೂತಿದ್ದರು. ಕೊನೆಗೆ ಅದು ಒಮ್ಮೆಲೇ, ಪೂರ್ತಿಯಾಗಿ ಅಲ್ಲಿ ಕಾಣಿಸಿಕೊಂಡಿತು. ಬಾಗಿಲನ್ನು ಮತ್ತೆ ತೆರೆದೆವು.

ಮಳೆ ಇನ್ನೂ ಹಿಡಿದುಕೊಂಡೇ ಇತ್ತು. ಒಂದು ಮಧ್ಯಾಹ್ನ ನಾನು ಇಚಲಕರಂಜಿಯಲ್ಲಿ ಒಬ್ಬ ವ್ಯಾಪಾರಿಯ ಆಫೀಸಿನಲ್ಲಿದ್ದೆ. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳ ಸದ್ದು. ತಂತ್ರಜ್ಞರ ಫೋನು ಬಂತು. ಕೇಳಿಸದೆ ಹೊರಗೆ ಓಡಿದೆ.

"ತಂಗೆವ್ವಾ, ಒಬ್ಬಾಕಿ ಗಾಡಿ ಮ್ಯಾಲಿಂದ ಬಿದ್ದಾಳ. ಮಾತಾಡಾಕತ್ತಾಳ, ಚಾ ಕುಡದಾಳ, ಮನಿಗೆ ಹೋಗ್ತೇನಂತ ಹಟಾ ಹಿಡದಾಳ. ಸ್ಕ್ಯಾನ್ ಕಳಸೇನಿ, ಲೈನ್ ಮತ್ತ ಮತ್ತ ಬೀಳಾಕತ್ತೈತಿ. ಡಾಕ್ಟರ್ ಕಡೆ ಏನೂ ಕಾಣವಲ್ದಂತ."

ಲ್ಯಾಪ್‌ಟಾಪು ತೆರೆದು ನೋಡಿದೆ. ನನ್ನದೇ ಕೀಲಿಯಿಂದ ಹೊರಗಿನಿಂದ ಒಳಗೆ ಹೋಗುವ ದಾರಿಯನ್ನು ಈ ಸಲ ಇಟ್ಟುಕೊಂಡಿದ್ದೆ. ಫೈಲಿನ ಹೆಚ್ಚಿನ ಭಾಗ ಬಂದಿತ್ತು, ಕೊನೆಯ ಸ್ವಲ್ಪ ಉಳಿದಿತ್ತು.

"ಬಂದಷ್ಟ ಆ ಕಡೆ ಸರಿಸ್ತೀಯೇನು? ಡಾಕ್ಟರ್ ನೋಡಾಕರೆ ಚಾಲೂ ಮಾಡ್ತಾರ. ಈಕಿ ಎದ್ದ ಹೊಂಟಾಳ."

ನನ್ನ ಕೈಯಲ್ಲಿತ್ತು ಅದು. ಒಂದು ಸಾಲಿನ ಆಜ್ಞೆ ಸಾಕಿತ್ತು. ಆದರೆ ಬಂದ ಭಾಗದಲ್ಲಿ ಏನೂ ಕಾಣದಿದ್ದರೆ? ಆಕೆ ಮನೆಗೆ ಹೋಗಲು ಅಷ್ಟೇ ಸಾಕಾಗುತ್ತಿತ್ತು.

"ಇಲ್ಲ ಅಣ್ಣಾರ, ಸರಸಂಗಿಲ್ಲ. ಹೆಂಗರೆ ಮಾಡಿ ಆಕಿನ್ನ ಕುಂಡ್ರಸ್ರಿ. ಪೂರ್ತಿ ಬರತೈತಿ."

ಆ ಕಡೆ ಅವರು ಫೋನು ಹಿಡಿದುಕೊಂಡೇ ಆಕೆಯ ಹತ್ತಿರ ಹೋದದ್ದು ಕೇಳಿಸಿತು. "ಅವ್ವಾರ, ಇನ್ನೊಂದ ಕಪ್ ಚಾ ತರಸ್ತೇನಿ, ಕುಂಡ್ರಿ. ಮಳಿ ನಿಲ್ಲೂತನಾ ಎಲ್ಲಿ ಹೋಗ್ತೀರಿ?" ಲೈನು ಎದ್ದಿತು. ಮತ್ತೆ ಬಿತ್ತು. ಮತ್ತೆ ಎದ್ದಿತು. ನಾನು ಮಾಡುವಂಥದ್ದು ಏನೂ ಇರಲಿಲ್ಲ. ತಗಡಿನ ಛಾವಣಿಯ ಕೆಳಗೆ ನಿಂತು ಲಾಗ್ ನೋಡುತ್ತಿದ್ದೆ. ಕೊನೆಗೆ, ಗುರುತು ತಾಳೆಯಾಯಿತು ಎಂಬ ಸಾಲು ಬಂತು.

ಡಾಕ್ಟರು ಆಸ್ಪತ್ರೆಗೆ ಫೋನು ಮಾಡಿದ್ದು ಅದರ ಬೆನ್ನಲ್ಲೇ. ತಲೆಬುರುಡೆಯ ಒಳಗೆ, ನೆತ್ತಿಯ ಹತ್ತಿರ ರಕ್ತ ಕೂಡುತ್ತಿತ್ತು. ಆಕೆಯನ್ನು ಮಲಗಿಸಿಯೇ ಕರೆತರಬೇಕು, ತಡಮಾಡಬಾರದು ಎಂದರು. ಆಂಬುಲೆನ್ಸು ಕೊಲ್ಹಾಪುರ ಮುಟ್ಟುವ ಹೊತ್ತಿಗೆ ಆಕೆಗೆ ಮಂಪರು ಹತ್ತಿತ್ತಂತೆ. ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಕೆ ಉಳಿದಳು.

ಸಂಜೆ ಡಾಕ್ಟರು ನನಗೆ ಫೋನು ಮಾಡಿದರು. "ಕೆಳಗಿನ ಚಿತ್ರದಾಗ ಏನೂ ಇರಲಿಲ್ಲವಾ. ಎಲ್ಲಾ ಮ್ಯಾಲ, ಕಡೀ ಚಿತ್ರದಾಗ ಇತ್ತು," ಎಂದರು. ನಾನು ಲ್ಯಾಪ್‌ಟಾಪು ತೆರೆದು, ಗುರುತು ತಾಳೆಯಾಯಿತು ಎಂಬ ಸಾಲನ್ನು ಮತ್ತೊಮ್ಮೆ ಓದುತ್ತಿದ್ದೆ. "ಇದ್ದೀಯೇನು?" ಎಂದು ಕೇಳಿದರು. "ಇದ್ದೇನ್ರಿ," ಎಂದೆ.

ಆಗಾಗ ಆ ದಿನಗಳನ್ನು ನೆನೆಯುತ್ತೇನೆ. ಬೈಗುಳವನ್ನು ತಮ್ಮ ಮೇಲೆ ಹಾಕಿಕೊಂಡ ಡಾಕ್ಟರಿಗೆ, ಒಲ್ಲೆನೆಂದು ಶುರುಮಾಡಿ ಕೊನೆಗೆ ನನಗಿಂತ ಹೆಚ್ಚು ಜೋಪಾನವಾಗಿ ಆ ಕೀಲಿ ಕಾಯ್ದ ತಂತ್ರಜ್ಞರಿಗೆ ನಾನು ಋಣಿ. ನಾನು ನೋಡದ ಇನ್ನೂ ಕೆಲವರಿದ್ದಾರೆ. ಆ ತಂತ್ರಾಂಶವನ್ನು ಬರೆದು ಯಾರು ಬೇಕಾದರೂ ಬಳಸಿ ಎಂದು ಬಿಟ್ಟುಕೊಟ್ಟವರು. ಒಡೆತನ ತಪ್ಪಾಗಿದೆ ಎಂಬ ಒಂದು ಸಾಲನ್ನು, ಎಂದೋ ಯಾವುದೋ ಊರಿನಲ್ಲಿ ಯಾರಿಗಾದರೂ ಬೇಕಾದೀತೆಂದು ಬಿಡಿಸಿ ಬರೆದಿಟ್ಟವರು. ಅಪರಿಚಿತರು ಬಾಗಿಲು ಬಡಿಯುವುದನ್ನು ಕಂಡು ಆ ಮೊದಲ ದಿನ ಹೆದರಿದ್ದೆ. ಅದೇ ಬಾಗಿಲನ್ನು ಗಟ್ಟಿಯಾಗಿ ಮಾಡಿಕೊಟ್ಟವರೂ ಅಪರಿಚಿತರೇ ಎಂಬುದು ಆಮೇಲೆ ಹೊಳೆಯಿತು.

ಮಳೆಗಾಲ ಮುಗಿದ ಮೇಲೆ ಹೊಸದಾಗಿ ಸೇರಿದ ಇನ್ನೊಬ್ಬರಿಗೆ ಕೀಲಿ ಮಾಡಿಸಲು ಗಡಹಿಂಗ್ಲಜಕ್ಕೆ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ತಲೆಯ ತುಂಬಾ ಸೆರಗು ಹೊದ್ದು ಕೂತಿದ್ದರು. ತಂತ್ರಜ್ಞರು ನನ್ನನ್ನು ಅವರ ಮುಂದೆ ನಿಲ್ಲಿಸಿ, "ಅವ್ವಾರ, ಆವತ್ತ ನಿಮ್ಮ ತಲಿ ಚಿತ್ರ ಕೊಲ್ಹಾಪುರಕ ಹೋತಲ್ರಿ, ಆ ದಾರಿ ಮಾಡಿದಾಕಿ ಈಕೀನ," ಎಂದರು.

"ನೀ ಡಾಕ್ಟರ್ ಏನವಾ?"

"ಇಲ್ರಿ, ನಾ ಕಂಪ್ಯೂಟರ್ ಕೆಲಸಾ ಮಾಡಾಕಿ."

ಅವರಿಗೆ ಅದು ಪೂರ್ತಿ ತಿಳಿಯಿತೋ ಇಲ್ಲವೋ. ನನ್ನ ಗಲ್ಲ ಸವರಿ ನೆಟಿಕೆ ಮುರಿದು ದೃಷ್ಟಿ ತೆಗೆದರು. ತಂತ್ರಜ್ಞರು ಒಳಗೆ ಹೋದ ಮೇಲೆ ಅತ್ತಿತ್ತ ನೋಡಿ, ಗಂಡಸರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಸೆರಗು ಸರಿಸಿದರು. ಬೋಳಿಸಿದ್ದ ತಲೆಯಲ್ಲಿ ಕೂದಲು ಮತ್ತೆ ಬಂದಿತ್ತು, ಸಣ್ಣ ಸಣ್ಣ ಸುರುಳಿಯಾಗಿ.

"ನೋಡವಾ, ನಮ್ಮ ವಂಶದಾಗ ಯಾರಿಗೂ ಗುಂಗುರ ಕೂದಲಾ ಇಲ್ಲ," ಎಂದರು ದೂರು ಹೇಳುವವರ ಹಾಗೆ. "ಈ ವಯಸ್ಸಿನ್ಯಾಗ ನನಗ ಬಂದಾವ. ನನ್ನ ಗಂಡ ದಿನಾ ಮುಂಜಾನೆದ್ದ ನೋಡಿ ನಗತಾನ."

ಹೇಳುತ್ತ ಹೇಳುತ್ತ ಅವರೂ ನಕ್ಕರು. ನಾನೂ ಅವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.